ಮಳೆಗಾಲದ ರಸ್ತೆ ಮತ್ತು ವಾಹನ ಚಾಲನೆ

ಮೃಗಶಿರಾ ಮಳೆ ಹಿಡಿಯಿತೆಂದರೆ ಊರಿನಲ್ಲಿ ನೇಗಿಲು ಹೊರಬೀಳುತ್ತದೆ, ಮುಂಬಯಿಯಲ್ಲಿ ಕೊಡೆ ಹೊರಬೀಳುತ್ತದೆ. ಜೂನ್ ತಿಂಗಳ ಎರಡನೆಯ ವಾರದ ಸುಮಾರಿಗೆ ಈ ನಗರಕ್ಕೆ ಮುಂಗಾರು ಕಾಲಿಡುವುದು ವಾಡಿಕೆ. ಮಳೆಯ ಮೊದಲ ದಿನಗಳಲ್ಲಿಯೇ ಸಯಾನಿನಿಂದ ದಾದರಿನವರೆಗೆ ವಾಹನಗಳು ಸಾಲುಗಟ್ಟಿ ನಿಲ್ಲುವುದನ್ನೂ, ಮೇಲ್ಸೇತುವೆಯ ಇಳಿಜಾರಿನಲ್ಲಿ ಸ್ಕೂಟರುಗಳು ಜಾರಿ ಬೀಳುವುದನ್ನೂ ನಾವು ವರ್ಷ ವರ್ಷವೂ ಕಾಣುತ್ತೇವೆ. ಕಾರಣ ಕೇಳಿದರೆ ಎಲ್ಲರೂ ಆಕಾಶದ ಕಡೆ ಕೈ ತೋರಿಸುತ್ತಾರೆ. ಇದರಲ್ಲಿ ಮಳೆಯ ಪಾಲೆಷ್ಟು, ವಾಹನ ಓಡಿಸುವವರ ಪಾಲೆಷ್ಟು ಎಂಬುದನ್ನು ಈ ಪಾಠದಲ್ಲಿ ಲೆಕ್ಕ ಹಾಕಿ ನೋಡೋಣ. ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಹಲವರು ಎರಡು ಚಕ್ರದ ಗಾಡಿಯ ಮೇಲೆ ಬರುವವರು. ಮಳೆಯ ದಿನ ಅವರು ಅರ್ಧ ಗಂಟೆ ತಡಮಾಡಿದರೆ ಮನೆಯಲ್ಲಿ ಬಾಗಿಲ ಕಡೆ ಕಣ್ಣಿಟ್ಟು ಕುಳಿತಿರುವವರಿದ್ದಾರೆ. ಇದನ್ನು ಅವರಿಬ್ಬರಿಗಾಗಿಯೂ ಬರೆದಿದೆ.

ಮೊದಲು ಚಕ್ರ ಮತ್ತು ರಸ್ತೆಯ ಸಂಬಂಧವನ್ನು ತಿಳಿಯಬೇಕು. ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಕಡೆ ಮಾತ್ರ. ಒಂದೊಂದು ಕಡೆಯೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗ. ಸ್ಕೂಟರಿಗೆ ಅದಕ್ಕಿಂತ ಚಿಕ್ಕದಾದ ಎರಡೇ ಜಾಗ. ಗಾಡಿ ಮುಂದೆ ಹೋಗುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ಅಂಗೈಯಗಲದ ರಬ್ಬರು ಡಾಂಬರನ್ನು ಹಿಡಿದುಕೊಳ್ಳುವ ಬಲದಿಂದ. ಇದಕ್ಕೆ ಘರ್ಷಣೆ ಎಂದು ಹೆಸರು. ಬ್ರೇಕು ಗಾಡಿಯನ್ನು ನಿಲ್ಲಿಸುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಬ್ರೇಕು ನಿಲ್ಲಿಸುವುದು ಚಕ್ರವನ್ನು; ಗಾಡಿಯನ್ನು ನಿಲ್ಲಿಸುವುದು ರಸ್ತೆ. ಪಾಚಿ ಕಟ್ಟಿದ ಅಂಗಳದಲ್ಲಿ ಓಡಿ ಬಂದು ಗಕ್ಕನೆ ನಿಲ್ಲಲು ಹೋಗಿ ಜಾರಿದ ನೆನಪು ಕರಾವಳಿಯ, ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆಲ್ಲ ಇರಬೇಕು. ಅಲ್ಲಿ ಕಾಲು ನಿಂತಿತ್ತು, ಮೈ ನಿಂತಿರಲಿಲ್ಲ.

ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಈ ಹಿಡಿತವನ್ನು ೦.೭ ಎಂದು ಇಟ್ಟುಕೊಂಡರೆ, ಅದೇ ರಸ್ತೆ ಒದ್ದೆಯಾದಾಗ ೦.೪ರ ಸುಮಾರಿಗೆ ಇಳಿಯುತ್ತದೆ. ಟೈರು ಸವೆದಿದ್ದರೆ ಇನ್ನೂ ಕಡಿಮೆ. ಈಗ ಲೆಕ್ಕ. ಗಂಟೆಗೆ ೫೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೧೪ ಮೀಟರು. ಎದುರಿಗೆ ಏನೋ ಅಡ್ಡ ಬಂತೆಂದು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆ. ಗಾಡಿ ಆಗಲೇ ೨೧ ಮೀಟರು ಹೋಗಿರುತ್ತದೆ. ಇಷ್ಟರಲ್ಲಿ ಮಳೆ ಬಿಸಿಲುಗಳ ಭೇದವಿಲ್ಲ. ಬ್ರೇಕು ಹಾಕಿದ ಮೇಲೆ ಒಣ ರಸ್ತೆಯಲ್ಲಿ ಇನ್ನು ೧೪ ಮೀಟರು, ಒದ್ದೆ ರಸ್ತೆಯಲ್ಲಿ ೨೫ ಮೀಟರು ಹೋಗಿ ನಿಲ್ಲುತ್ತದೆ. ಒಟ್ಟು ಒಣಗಿದಲ್ಲಿ ೩೫, ಒದ್ದೆಯಲ್ಲಿ ೪೬. ನಡುವಣ ೧೧ ಮೀಟರೆಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಬಸ್ಸಿನ ಉದ್ದ. ಬೇಸಗೆಯಲ್ಲಿ ಬಸ್ಸಿನ ಬೆನ್ನಿಗೆ ಬಂದು ಸರಿಯಾಗಿ ನಿಲ್ಲಿಸುತ್ತಿದ್ದವರು ಮಳೆಯಲ್ಲಿಯೂ ಅದೇ ಅಭ್ಯಾಸದಿಂದ ಬ್ರೇಕು ಹಾಕಿದರೆ, ಬಸ್ಸನ್ನು ಹೊಕ್ಕು ಆಚೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಬ್ರೇಕು ಹಾಕಿದ ಮೇಲೆ ಹೋಗುವ ದೂರ ವೇಗದ ವರ್ಗದಂತೆ ಬೆಳೆಯುತ್ತದೆ ಎಂಬುದು ಲೆಕ್ಕ ಬಲ್ಲವರಿಗೆಲ್ಲ ಗೊತ್ತು. ಗಾಡಿಯ ಮೇಲೆ ಕುಳಿತಾಗ ಮರೆತುಹೋಗುತ್ತದೆ. ಒದ್ದೆ ರಸ್ತೆಯಲ್ಲಿ ೩೦ ಕಿಲೋಮೀಟರು ವೇಗದಿಂದ ಬ್ರೇಕು ಹಾಕಿದರೆ ೯ ಮೀಟರು, ೭೦ ಕಿಲೋಮೀಟರಿನಿಂದ ಹಾಕಿದರೆ ೪೮ ಮೀಟರು. ಈ ನಿಯಮ ನಮ್ಮ ಕೈ ಹಿಡಿಯುವುದೂ ಉಂಟು. ಮಳೆಯಲ್ಲಿ ವೇಗವನ್ನು ೫೦ರಿಂದ ೪೦ಕ್ಕೆ ಇಳಿಸಿ ನೋಡಿ: ಕಣ್ಣಿನಿಂದ ಕಾಲಿಗೆ ಬರುವಷ್ಟರಲ್ಲಿ ೧೭ ಮೀಟರು, ಆಮೇಲೆ ೧೬ ಮೀಟರು, ಒಟ್ಟು ೩೩. ಒಣ ರಸ್ತೆಯಲ್ಲಿ ೫೦ರ ವೇಗಕ್ಕೆ ಬೇಕಾಗಿದ್ದುದಕ್ಕಿಂತಲೂ ಕಡಿಮೆಯಾಯಿತು. ಇದಕ್ಕೆ ತೆರಬೇಕಾದ ಬೆಲೆ ಎಷ್ಟು? ಎಲ್ಲಿಯೂ ನಿಲ್ಲದೆ ಹೋಗುವ ೧೦ ಕಿಲೋಮೀಟರು ದಾರಿಯಲ್ಲಿ ೧೨ ನಿಮಿಷದ ಬದಲು ೧೫ ನಿಮಿಷ. ಮೂರು ನಿಮಿಷ ತಡವಾದುದಕ್ಕಾಗಿ ಸಂಬಳ ಹಿಡಿಯುವ ಕಚೇರಿಯನ್ನು ನಾವಂತೂ ಕಾಣೆವು.

ನಲವತ್ತು ವರ್ಷ ಟ್ಯಾಕ್ಸಿ ಓಡಿಸಿ ಈಗ ಮನೆಯಲ್ಲಿರುವ ಕುಂದಾಪುರದ ಕಡೆಯ ಹಿರಿಯರೊಬ್ಬರು ದಿನವೂ ಪತ್ರಿಕೆ ಓದಲು ನಮ್ಮಲ್ಲಿಗೆ ಬರುತ್ತಾರೆ. "ಜೋರು ಮಳೆಗೆ ನಾನು ಹೆದರಿದವನಲ್ಲ ಮಾರಾಯ್ರೆ, ಮೊದಲ ನಾಲ್ಕು ಹನಿಗೆ ಹೆದರುತ್ತಿದ್ದೆ" ಎನ್ನುವುದು ಅವರ ಅನುಭವ. ಇದಕ್ಕೆ ಶಾಸ್ತ್ರದ ಆಧಾರವಿದೆ. ಬೇಸಗೆಯ ತಿಂಗಳುಗಳಲ್ಲಿ ವಾಹನಗಳಿಂದ ಸೋರಿದ ಎಣ್ಣೆ, ಸವೆದ ಟೈರಿನ ಪುಡಿ, ಕಟ್ಟಡ ಕೆಲಸದ ಧೂಳು ಎಲ್ಲವೂ ರಸ್ತೆಯ ಸಣ್ಣ ಸಂದುಗಳಲ್ಲಿ ಕೂಡಿಕೊಂಡಿರುತ್ತವೆ. ಮೊದಲ ತುಂತುರು ಬಿದ್ದಾಗ ಇವು ನೀರಿನೊಡನೆ ಕಲಸಿ ಸಾಬೂನಿನಂಥ ಒಂದು ಲೇಪವಾಗುತ್ತವೆ. ಜೋರಾಗಿ ಮಳೆ ಬಂದರೆ ಲೇಪವೆಲ್ಲ ತೊಳೆದುಹೋಗಿ ರಸ್ತೆ ಮತ್ತೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಆದುದರಿಂದ ರೇನ್‌ಕೋಟು ಹಾಕಿಕೊಳ್ಳುವಷ್ಟೂ ಇಲ್ಲದ ಮಳೆ ಎಂದು ನಾವು ಅಲಕ್ಷಿಸುವ ಆ ಅರ್ಧ ಗಂಟೆಯೇ ಅತ್ಯಂತ ಜಾರುವ ಹೊತ್ತು. ಹೀಗೆಯೇ ದಾರಿ ದಾಟುವಲ್ಲಿ ಬಳಿದ ಬಿಳಿಯ ಪಟ್ಟೆ, ಮೆಟ್ರೋ ಕೆಲಸದವರು ಹಾಸಿದ ಉಕ್ಕಿನ ತಗಡು, ಗಟಾರದ ಕಬ್ಬಿಣದ ಮುಚ್ಚಳ, ನುಣುಪಾದ ಪೇವರ್ ಬ್ಲಾಕು, ಮೇಲ್ಸೇತುವೆಯ ಕೂಡುಗಳಲ್ಲಿನ ಕಬ್ಬಿಣದ ಪಟ್ಟಿ ಇವು ಡಾಂಬರಿಗಿಂತ ಬಹಳ ಹೆಚ್ಚು ಜಾರುತ್ತವೆ. ಎರಡು ಚಕ್ರದವರು ಇವುಗಳ ಮೇಲೆ ಗಾಡಿಯನ್ನು ನೆಟ್ಟಗೆ ಇಟ್ಟುಕೊಂಡು ದಾಟಬೇಕು. ಅಲ್ಲಿ ಓರೆ ಮಾಡಬಾರದು, ಬ್ರೇಕು ಹಿಡಿಯಬಾರದು. ಹಿಡಿಯುವುದನ್ನು ಮೊದಲೇ ಹಿಡಿದು ಮುಗಿಸಿರಬೇಕು.

ಊರ ಕಡೆಯ ಲಾರಿಗಳ ಬೆನ್ನಿನ ಮೇಲೆ "ಅಂತರವಿರಲಿ" ಎಂದು ಬರೆದಿರುತ್ತಾರಷ್ಟೆ. ಎಷ್ಟು ಅಂತರ ಎಂಬುದನ್ನು ಯಾರೂ ಬರೆದಿರುವುದಿಲ್ಲ. ಮೀಟರಿನಲ್ಲಿ ಅಳೆಯುವುದು ಓಡುವ ಗಾಡಿಯಿಂದ ಆಗದ ಕೆಲಸ. ಅದಕ್ಕೆ ಸುಲಭವಾದ ಉಪಾಯವೊಂದಿದೆ. ಮುಂದಿನ ಗಾಡಿ ಒಂದು ದೀಪದ ಕಂಬವನ್ನು ದಾಟಿದ ಕೂಡಲೇ ನಿಧಾನವಾಗಿ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಿರಿ. ಒಂದೊಂದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ. ಒಣ ರಸ್ತೆಯಲ್ಲಿ ಸಾವಿರದ ಎರಡು ಮುಗಿಯುವ ಮೊದಲು ನೀವು ಆ ಕಂಬವನ್ನು ಮುಟ್ಟಬಾರದು. ಮಳೆಯಲ್ಲಿ ಸಾವಿರದ ನಾಲ್ಕು. ವೇಗ ಹೆಚ್ಚಿದಂತೆ ಅದೇ ಎಣಿಕೆಗೆ ದೂರವೂ ತಾನಾಗಿ ಹೆಚ್ಚುವುದರಿಂದ ಬೇರೆ ಲೆಕ್ಕ ಬೇಕಾಗಿಲ್ಲ.

ಇದಕ್ಕೆ ತರುಣರು ಕೊಡುವ ಉತ್ತರ ನಮಗೆ ಗೊತ್ತಿದೆ: ಮುಂಬಯಿಯಲ್ಲಿ ನಾಲ್ಕು ಸೆಕೆಂಡಿನ ಜಾಗ ಬಿಟ್ಟರೆ ಅದರಲ್ಲಿ ಮೂರು ರಿಕ್ಷಾ ನುಗ್ಗುತ್ತವೆ. ನುಗ್ಗಲಿ. ಒಂದು ಗಾಡಿ ಒಳಗೆ ಬಂದಾಗ ಮತ್ತೆ ಅಂತರ ಬಿಡಲು ನಾವು ಕಳೆದುಕೊಳ್ಳುವುದು ಹೆಚ್ಚೆಂದರೆ ನಾಲ್ಕು ಸೆಕೆಂಡು. ಕುರ್ಲೆಯಿಂದ ಠಾಣೆಗೆ ಹೋಗುವಷ್ಟರಲ್ಲಿ ಹದಿನೈದು ಗಾಡಿಗಳು ನುಗ್ಗಿದರೂ ತಡವಾದದ್ದು ಒಂದು ನಿಮಿಷ.

ಈ ಅಂತರದ ವಿಷಯ ಅಪಘಾತಕ್ಕಷ್ಟೇ ಸಂಬಂಧಿಸಿದ್ದಲ್ಲ, ದಾರಿ ಕಟ್ಟಿಕೊಳ್ಳುವುದಕ್ಕೂ ಸಂಬಂಧಿಸಿದ್ದು. ಮಳೆಯ ದಿನ ಒಂದು ಗಂಟೆ ತೆವಳಿದ ಮೇಲೆ ಮುಂದೆ ನೋಡಿದರೆ ಕೆಟ್ಟು ನಿಂತ ಲಾರಿಯೂ ಇಲ್ಲ, ನೀರೂ ಇಲ್ಲ. ಇದೇಕೆ ನಿಂತಿತ್ತು ಎಂದು ಆಶ್ಚರ್ಯಪಡುತ್ತೇವೆ. ಜಪಾನಿನ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ನೋಡಿ ೨೦೦೮ರಲ್ಲಿ ಪ್ರಕಟಿಸಿದರು. ೨೩೦ ಮೀಟರು ಸುತ್ತಳತೆಯ ಒಂದು ವೃತ್ತದಲ್ಲಿ ೨೨ ಕಾರುಗಳನ್ನು ಬಿಟ್ಟು, ಎಲ್ಲರೂ ಗಂಟೆಗೆ ೩೦ ಕಿಲೋಮೀಟರಿನಂತೆ ಒಂದೇ ಸಮನೆ ಓಡಿಸಿರಿ ಎಂದು ಹೇಳಿದರು. ಸಿಗ್ನಲಿಲ್ಲ, ಅಡ್ಡ ರಸ್ತೆಯಿಲ್ಲ, ದನವಿಲ್ಲ, ಮಳೆಯೂ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕೆಲವು ಕಾರುಗಳು ಪೂರ್ತಿ ನಿಂತುಬಿಟ್ಟವು. ಆ ನಿಲುಗಡೆಯು ಅಲೆಯಂತೆ ಹಿಂದು ಹಿಂದಕ್ಕೆ ಸಾಗಿತು. ಒಬ್ಬರು ಚೂರು ನಿಧಾನಿಸಿದರೆ ಹತ್ತಿರ ಬಂದಿದ್ದ ಹಿಂದಿನವರು ಇನ್ನಷ್ಟು ನಿಧಾನಿಸಬೇಕಾಗುತ್ತದೆ, ಅವರ ಹಿಂದಿನವರು ನಿಲ್ಲಬೇಕಾಗುತ್ತದೆ. ಮಳೆಯಲ್ಲಿ ಹೆದರಿ ಹೆದರಿ ಗಟ್ಟಿಯಾಗಿ ಬ್ರೇಕು ಹಾಕುವುದರಿಂದ ಈ ಅಲೆ ಇನ್ನೂ ದೊಡ್ಡದು. ಅಂತರ ಬಿಟ್ಟು ಬರುವವರು ಬ್ರೇಕು ಮುಟ್ಟದೆ ವೇಗವನ್ನು ತುಸು ಇಳಿಸಿಯೇ ಸುಧಾರಿಸಿಕೊಳ್ಳುತ್ತಾರೆ. ಅಲೆ ಅವರಲ್ಲಿಗೆ ಬಂದು ಸೋಲುತ್ತದೆ. ಅವರ ಹಿಂದೆ ಹಾರನ್ನು ಬಡಿಯುವವರು ತಮ್ಮ ಉಪಕಾರಿಯನ್ನೇ ಬೈಯುತ್ತಿರುತ್ತಾರೆ.

ಕೂಡುರಸ್ತೆಗಳ ಅವಾಂತರ ಬೇರೆ ಬಗೆಯದು. ಮುಂದಿನ ಸಾಲು ಸರಿದಿಲ್ಲವೆಂದು ಕಾಣುತ್ತಿದ್ದರೂ ಹಸಿರು ದೀಪವಿದೆಯೆಂದು ನಡುವಿಗೆ ನುಗ್ಗಿ ನಿಲ್ಲುತ್ತಾರೆ. ದೀಪ ಬದಲಾದಾಗ ಅಡ್ಡದಿಂದ ಬರುವವರಿಗೆ ದಾರಿ ಇರುವುದಿಲ್ಲ, ಅವರೂ ನುಗ್ಗುತ್ತಾರೆ. ಆಮೇಲೆ ಗಂಟು ಬಿಡಿಸಲು ಮಳೆಯಲ್ಲಿ ತೊಯ್ದು ನಿಂತ ಪೊಲೀಸರೇ ಬರಬೇಕು. ಸಾಲು ನಿಂತಿದೆಯೆಂದು ಎದುರು ಬದಿಯ ಖಾಲಿ ರಸ್ತೆಗೆ ಹಾರುವವರದು ಇದಕ್ಕಿಂತ ದೊಡ್ಡ ಅಪರಾಧ. ಇಂಥವರು ಹತ್ತು ಜನ ಕೂಡಿದರೆ ಎರಡು ಕಡೆಯ ರಸ್ತೆಯೂ ಬೀಗ ಹಾಕಿದಂತೆ ಆಗುತ್ತದೆ, ನಡುವೆ ಸಿಕ್ಕಿದ ಆಂಬುಲೆನ್ಸಿಗೆ ಹಿಂದಕ್ಕೂ ದಾರಿಯಿಲ್ಲ, ಮುಂದಕ್ಕೂ ದಾರಿಯಿಲ್ಲ.

ಎರಡು ಚಕ್ರದವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಮಳೆ ಜೋರಾದ ಕೂಡಲೇ ಮೇಲ್ಸೇತುವೆಯ ಕೆಳಗೆ, ಪಾದಚಾರಿ ಸೇತುವೆಯ ಕೆಳಗೆ ಹತ್ತಾರು ಬೈಕುಗಳು ಬಂದು ಗುಂಪಾಗಿ ನಿಲ್ಲುತ್ತವೆ. ಒದ್ದೆಯಾಗದಿರುವ ಆಸೆ ಸಹಜವಾದದ್ದೇ. ಆದರೆ ಮೂರು ಸಾಲಿನ ಹೆದ್ದಾರಿಯಲ್ಲಿ ಎರಡು ಸಾಲನ್ನು ಅವರೇ ಹಿಡಿದುಕೊಂಡರೆ, ಮಬ್ಬಿನಲ್ಲಿ ವೇಗವಾಗಿ ಬರುವ ಲಾರಿಯವರಿಗೆ ಅವರು ಕಾಣುವುದು ತೀರ ಹತ್ತಿರ ಬಂದ ಮೇಲೆ. ಒದ್ದೆ ರಸ್ತೆಯ ೪೬ ಮೀಟರಿನ ಲೆಕ್ಕವನ್ನು ಇಲ್ಲಿ ನೆನೆಯಿರಿ. ತುಂಬಿದ ಲಾರಿಗೆ ಅದು ಇನ್ನೂ ಹೆಚ್ಚು. ನಿಲ್ಲಲೇಬೇಕಾದರೆ ಪೆಟ್ರೋಲ್ ಪಂಪಿನ ಆವರಣವಿದೆ, ಅಂಗಡಿಯ ಮುಂಗಟ್ಟಿದೆ. ರೇನ್‌ಕೋಟನ್ನು ಆಸನದ ಕೆಳಗಿಟ್ಟು, ಸುರಿದ ಮೇಲೆ ಹುಡುಕುವುದಕ್ಕಿಂತ ಮೋಡ ಕಂಡಾಗಲೇ ತೊಟ್ಟು ಹೊರಟರೆ ಈ ಪ್ರಶ್ನೆಯೇ ಬಾರದು. ಹಿಂದೆ ಕುಳಿತವರು ಕೊಡೆ ಬಿಡಿಸಿ ಹಿಡಿಯುವುದಂತೂ ಕೂಡದು. ಗಾಳಿ ನುಗ್ಗಿದ ಕ್ಷಣ ಕೊಡೆಯು ದೋಣಿಯ ಹಾಯಿಯಾಗುತ್ತದೆ; ಹಿಡಿದವರನ್ನು ಹಿಂದಕ್ಕೆ ಎಳೆಯುತ್ತದೆ. ಸೀರೆಯ ಸೆರಗು, ರೇನ್‌ಕೋಟಿನ ಅಂಚು ಚಕ್ರಕ್ಕೆ ಸಿಕ್ಕದಂತೆ ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಕಾರಿನವರು ನಾಲ್ಕೂ ಸೂಚಕ ದೀಪಗಳನ್ನು ಮಿಣುಕಿಸುತ್ತ ಮಳೆಯಲ್ಲಿ ಓಡಿಸುವುದು ಈಚೆಗೆ ಒಂದು ಶಿಷ್ಟಾಚಾರವೇ ಆಗಿಬಿಟ್ಟಿದೆ. ಆ ದೀಪಗಳ ಅರ್ಥ, ಈ ಗಾಡಿ ಕೆಟ್ಟು ನಿಂತಿದೆ ಎಂದು. ಓಡುವ ಗಾಡಿಯಲ್ಲಿ ಅವನ್ನು ಹಾಕಿದರೆ ಎಡಕ್ಕೆ ತಿರುಗುತ್ತಾರೋ ಬಲಕ್ಕೋ ಎಂಬುದು ಹಿಂದಿನವರಿಗೆ ತಿಳಿಯದು. ನಿಜವಾಗಿ ಕೆಟ್ಟು ನಿಂತವರನ್ನು ಗುರುತಿಸುವುದೂ ಆಗದು. ಕೆಳಮುಖದ ಹೆಡ್‌ಲೈಟು ಹಾಕಿಕೊಂಡರೆ ಸಾಕು. ಮೇಲ್ಮುಖದ ಬೆಳಕು ಮಳೆಯ ಹನಿಗಳಿಗೆ ಬಡಿದು ಹಾಕಿದವರ ಕಣ್ಣಿಗೇ ಮರಳುತ್ತದೆ. ಗಾಜಿನ ಒಳಮೈಯಲ್ಲಿ ಮಂಜು ಕವಿದರೆ ಕರವಸ್ತ್ರದಿಂದ ಉಜ್ಜುತ್ತ ಒಂದು ಕೈಯಲ್ಲಿ ಓಡಿಸುವವರಿದ್ದಾರೆ; ತಂಪುಯಂತ್ರದ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿದರೆ ಅದು ತಾನೇ ಹೋಗುತ್ತದೆ. ನಿಂತ ನೀರನ್ನು ನಡೆಯುವವರ ಮೈಮೇಲೆ ಹಾರಿಸಿ ಹೋಗುವವರಿಗೆ ಏನು ಹೇಳಬೇಕೋ ತಿಳಿಯದು. ಶಾಲೆಯ ಬಿಳಿ ಅಂಗಿಯನ್ನು ಮಳೆಗಾಲದಲ್ಲಿ ಒಗೆದು ಒಣಗಿಸುವ ಕಷ್ಟವನ್ನು ಅವರ ಮನೆಯವರೇ ಅವರಿಗೆ ತಿಳಿಸಿ ಹೇಳಬೇಕು.

ಟೈರಿನ ಮೇಲಿನ ಗೀರುಗಳು ಅಲಂಕಾರಕ್ಕೆ ಇರುವುದಲ್ಲ. ರಬ್ಬರು ನೆಲವನ್ನು ಮುಟ್ಟುವಾಗ ನಡುವೆ ಸಿಕ್ಕಿದ ನೀರು ಹೊರಗೆ ಹರಿಯಲು ಅವು ಕಾಲುವೆಗಳು. ಕಾರಿನ ಟೈರಿನಲ್ಲಿ ಈ ಗೀರು ೧.೬ ಮಿಲಿಮೀಟರಿಗಿಂತ ಕಡಿಮೆ ಆಳವಾದರೆ ಟೈರು ಮುಗಿಯಿತೆಂದು ಅರ್ಥ. ಅಳೆಯಲು ಅಳತೆಗೋಲು ಬೇಡ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ, ಮೇಲ್ಮೈ ಸವೆದು ಅವುಗಳ ಸಮಕ್ಕೆ ಬಂದಾಗ ಬದಲಾಯಿಸಬೇಕು. ನೀರು ಹೆಚ್ಚಿದ್ದು ವೇಗವೂ ಹೆಚ್ಚಿದ್ದರೆ ಹರಿದುಹೋಗಲು ನೀರಿಗೆ ಸಮಯ ಸಾಲದೆ, ಟೈರು ನೆಲವನ್ನು ಬಿಟ್ಟು ನೀರಿನ ಮೇಲೆಯೇ ತೇಲತೊಡಗುತ್ತದೆ. ಸರಿಯಾಗಿ ಗಾಳಿ ತುಂಬಿದ ಕಾರಿನ ಟೈರಿಗೆ ಇದು ಸುಮಾರು ೯೦ ಕಿಲೋಮೀಟರು ವೇಗದಲ್ಲಿ ಸಂಭವಿಸಬಹುದು. ಗಾಳಿ ಕಡಿಮೆಯಿದ್ದರೆ, ಟೈರು ಸವೆದಿದ್ದರೆ ಅದಕ್ಕೂ ಮೊದಲೇ. ಪುಣೆಯ ದ್ರುತಗತಿ ಮಾರ್ಗದಲ್ಲಿ ಹೋಗುವವರು ಇದನ್ನು ಮರೆಯಬಾರದು. ಆಗ ಸ್ಟೀರಿಂಗ್ ಹಗುರವಾದಂತೆ ತೋರುತ್ತದೆ. ಬ್ರೇಕು ತುಳಿಯದೆ, ಚಕ್ರ ತಿರುಗಿಸದೆ, ಕಾಲನ್ನು ನಿಧಾನವಾಗಿ ಆಕ್ಸಿಲರೇಟರಿನಿಂದ ಎತ್ತುವುದೊಂದೇ ದಾರಿ.

ಗಣೇಶ ಚತುರ್ಥಿಗೆ ಊರಿಗೆ ಗಾಡಿಯಲ್ಲೇ ಹೋಗುವವರು ನಮ್ಮಲ್ಲಿ ಬಹಳ. ಘಾಟಿಯಲ್ಲಿ ಇಳಿಯುವಾಗ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಇಕ್ಕಟ್ಟಾದ ಕಡೆ ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂದು ನಿಯಮವಿದೆ. ೨೦೧೬ರ ಆಗಸ್ಟ್ ೨ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಹಳೆಯ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಎರಡು ಸಾರಿಗೆ ಬಸ್ಸುಗಳು ಕತ್ತಲೆಯಲ್ಲಿ ನದಿಯ ಪಾಲಾದವು. ಆ ದಾರಿಯಲ್ಲಿ ಮಳೆಯ ರಾತ್ರಿ ಪ್ರಯಾಣ ಬೇಡವೆಂದು ಹಿರಿಯರು ಹೇಳಿದರೆ ಅದನ್ನು ಹಳಬರ ಅಂಜಿಕೆ ಎಂದು ತಳ್ಳಿಹಾಕಬಾರದು.

ಇನ್ನು ನಗರದಲ್ಲಿ ನಿಲ್ಲುವ ನೀರಿನ ವಿಚಾರ. ಮುಂಬಯಿಯ ಹಳೆಯ ಮಳೆನೀರಿನ ಗಟಾರಗಳು ಗಂಟೆಗೆ ೨೫ ಮಿಲಿಮೀಟರು ಮಳೆಗೆಂದು, ಅದೂ ಸಮುದ್ರ ಇಳಿದಿರುವಾಗಿನ ಲೆಕ್ಕದಲ್ಲಿ ಕಟ್ಟಿದಂಥವು. ಇದನ್ನು ೫೦ ಮಿಲಿಮೀಟರಿಗೆ ಏರಿಸುವ ಯೋಜನೆಯ ವರದಿ ೧೯೯೩ರಲ್ಲಿಯೇ ಬಂದಿತು. ಗಟಾರಗಳ ಬಾಯಿಗಳಲ್ಲಿ ಅನೇಕವು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಇಲ್ಲಿಯ ಜನ ಭರತಿ ಎನ್ನುವ ಉಬ್ಬರವು ೪.೫ ಮೀಟರು ಮೀರಿದ ಹೊತ್ತಿಗೇ ಜೋರು ಮಳೆಯೂ ಬಂದರೆ ನೀರು ಹೊರಹೋಗಲಾರದು. ಪಂಪುಗಳು ಎತ್ತಿ ಹಾಕುವಷ್ಟೇ ಗತಿ. ತಟ್ಟೆಯಂತೆ ತಗ್ಗಾಗಿರುವ ಹಿಂದ್‌ಮಾತಾ, ರೈಲು ಹಳಿಗಳ ಕೆಳಗೆ ಹಾಯುವ ಅಂಧೇರಿ ಮತ್ತು ಮಿಲನ್ ಸಬ್‌ವೇಗಳು ಇಂಥ ಹೊತ್ತಿನಲ್ಲಿ ಕೆರೆಗಳಾದುದನ್ನು ಎಲ್ಲರೂ ಕಂಡಿದ್ದಾರೆ.

ನಿಂತ ನೀರಿನಲ್ಲಿ ಮುಂದಿನ ಗಾಡಿ ದಾಟಿತೆಂದು ಹಿಂದೆಯೇ ಹೋಗುವುದು ಮಳೆಗಾಲದ ಅತಿ ಕೆಟ್ಟ ಅಭ್ಯಾಸ. ಆರ್ಕಿಮಿಡೀಸನ ನಿಯಮವನ್ನು ಶಾಲೆಯಲ್ಲಿ ಓದಿದವರು ಲೆಕ್ಕ ಹಾಕಿ ನೋಡಲಿ. ೧೦೦೦ ಕಿಲೋ ತೂಗುವ ಸಣ್ಣ ಕಾರಿನ ತಳ ೪ ಮೀಟರು ಉದ್ದ, ೧.೬ ಮೀಟರು ಅಗಲವೆನ್ನೋಣ. ತಳದಿಂದ ಮೇಲಕ್ಕೆ ಬರೀ ೧೬ ಸೆಂಟಿಮೀಟರು ನೀರು ಏರಿದರೆ ಅದು ತಳ್ಳುವ ಬಲ ಸುಮಾರು ೧೦೦೦ ಕಿಲೋ. ಒಳಗೆ ಸ್ವಲ್ಪ ಸೋರಿಕೆಯಾಗುವುದನ್ನು ಬಿಟ್ಟರೆ, ಮೊಳಕಾಲಿಗಿಂತ ಕೆಳಗಿನ ನೀರಿನಲ್ಲಿಯೇ ಕಾರು ನೆಲದ ಹಿಡಿತ ಕಳೆದುಕೊಳ್ಳುತ್ತದೆಂದಾಯಿತು. ನೀರು ಹರಿಯುತ್ತಿದ್ದರೆ ಅದರೊಡನೆ ಹೊರಡುತ್ತದೆ. ನೀರಿನಲ್ಲಿ ಇಂಜಿನು ನಿಂತರೆ ಮತ್ತೆ ಚಾಲು ಮಾಡಲು ಹೋಗಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಒಳಗಿನ ಕಬ್ಬಿಣದ ದಂಡವೇ ಬಾಗಿಹೋಗುತ್ತದೆ. ದೂಡಿ ಹೊರಗೆ ತಂದು ಗ್ಯಾರೇಜಿಗೆ ಒಯ್ಯಬೇಕು.

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದು ಹಗಲು ಒಂದು ರಾತ್ರಿಯ ಅವಧಿಯಲ್ಲಿ ೯೪೪ ಮಿಲಿಮೀಟರು ಮಳೆ ಸುರಿಯಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ೭೩ ಮಿಲಿಮೀಟರು ಮಾತ್ರ. ಕೋಟೆಯ ಭಾಗದ ಕಚೇರಿಗಳಿಂದ ಹೊರಟವರಿಗೆ ಉಪನಗರದ ಸ್ಥಿತಿ ತಿಳಿಯಲೇ ಇಲ್ಲ. ಅಂದು ಸತ್ತ ನೂರಾರು ಜನರಲ್ಲಿ ಮುಚ್ಚಿದ ಕಾರುಗಳ ಒಳಗೇ ಸಿಕ್ಕಿಕೊಂಡವರೂ ಇದ್ದರು. ಒಂದು ಮೀಟರು ಅಗಲದ ಬಾಗಿಲಿಗೆ ಹೊರಗಿನಿಂದ ೬೦ ಸೆಂಟಿಮೀಟರು ನೀರು ತಾಗಿ ನಿಂತರೆ ಬಾಗಿಲ ಮೇಲೆ ಬೀಳುವ ಭಾರ ಸುಮಾರು ೧೮೦ ಕಿಲೋ. ಕೈಯಿಂದ ತಳ್ಳಿ ತೆರೆಯುವುದು ಎಷ್ಟು ಜನರಿಂದಾದೀತು? ಆದುದರಿಂದ ನೀರು ಬಾಗಿಲಿನ ತಳ ಮುಟ್ಟಿದ ಕೂಡಲೇ ಪಟ್ಟಿ ಬಿಚ್ಚಿ, ವಿದ್ಯುತ್ತು ಕೆಡುವ ಮೊದಲೇ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಇಳಿಸಿ ಹೊರಬರಬೇಕು. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜನ್ನು ಅಂಚಿನಲ್ಲಿ ಒಡೆಯಬೇಕು. ಮುಂದಿನ ಗಾಜು ಎರಡು ಪದರದ್ದು, ಸುಲಭವಾಗಿ ಒಡೆಯದು. ಕಾರಿನ ಬೆಲೆಯನ್ನು ಯೋಚಿಸುತ್ತ ಒಳಗೆ ಕೂರುವ ಹೊತ್ತಲ್ಲ ಅದು.

ಹೊರಗೆ ಬಂದು ನಡೆಯುವವರಿಗೆ ಬೇರೊಂದು ಅಪಾಯವಿದೆ. ೨೦೧೭ರ ಆಗಸ್ಟ್ ೨೯ರಂದು ನಗರದ ಪ್ರಸಿದ್ಧ ವೈದ್ಯರೊಬ್ಬರು ನೀರು ತುಂಬಿದ್ದರಿಂದ ಕಾರಿನಿಂದ ಇಳಿದು ಮನೆಗೆ ನಡೆದು ಹೋಗುವಾಗ ತೆರೆದ ಮ್ಯಾನ್‌ಹೋಲಿನಲ್ಲಿ ಬಿದ್ದು ತೀರಿಕೊಂಡರು. ನೀರು ಬೇಗ ಇಳಿಯಲೆಂದು ಮುಚ್ಚಳ ತೆರೆಯುವ ಸಹಾಯವನ್ನು ದಯವಿಟ್ಟು ಯಾರೂ ಮಾಡಬಾರದು. ನೀರಿನಲ್ಲಿ ನಡೆಯಲೇಬೇಕಾದರೆ ಮುಚ್ಚಿದ ಕೊಡೆಯಿಂದ ಮುಂದಿನ ನೆಲವನ್ನು ತಡವುತ್ತ, ರಸ್ತೆಯ ಅಂಚಿನಿಂದ ದೂರವಿದ್ದು ಸಾಗಬೇಕು.

ಉಬ್ಬರವು ದಿನಕ್ಕೆ ಎರಡು ಸಲ ಬರುತ್ತದೆ, ದಿನ ದಿನಕ್ಕೆ ಸುಮಾರು ೫೦ ನಿಮಿಷ ಮುಂದೆ ಹೋಗುತ್ತದೆ. ಮಹಾನಗರ ಪಾಲಿಕೆಯವರು ಮಳೆಗಾಲದ ದೊಡ್ಡ ಉಬ್ಬರಗಳ ದಿನ ಮತ್ತು ವೇಳೆಯನ್ನು ಮೊದಲೇ ಪ್ರಕಟಿಸುತ್ತಾರೆ. ಅದರ ಒಂದು ಪ್ರತಿಯನ್ನು ವಾಚನಾಲಯದ ಬಾಗಿಲ ಬಳಿಯ ಫಲಕಕ್ಕೆ ಅಂಟಿಸಿದೆ, ೪.೫ ಮೀಟರು ಮೀರುವ ದಿನಗಳಿಗೆ ಕೆಂಪು ಗೆರೆ ಎಳೆದಿದೆ. ಗಾಡಿಯಲ್ಲಿ ಓಡಾಡುವವರು ಬರೆದುಕೊಂಡು ಹೋಗಬಹುದು.